ಕ್ಲೈವ್ ರಜೆ ಹಾಕಿದ ದಿನ

"ನಿಲ್ಲಿ! ಒಳಗೆ ತಳ್ಳಬೇಡಿ!" ಎಂದು ಕೂಗುತ್ತ ನೆಲ್ಲೊ ಎರಡೂ ಕೈ ಅಗಲಿಸಿ ಶವವಾಹನದ ಹಿಂಬಾಗಿಲಿಗೆ ಅಡ್ಡ ನಿಂತುಬಿಟ್ಟ. ಕ್ಲೈವ್ ಪ್ಯಾಸ್ಕೋನ ಪೆಟ್ಟಿಗೆ ಆಗ ಆರು ಜನರ ಹೆಗಲ ಮೇಲಿತ್ತು. ಆರೂ ಜನ ಅವನ ಜೊತೆ ಕಾರು ಕಾರ್ಖಾನೆಯಲ್ಲಿ ದುಡಿದವರು, ಅರವತ್ತು ದಾಟಿದವರು. ಬಿಸಿಲು ನಲವತ್ತೊಂದು ಡಿಗ್ರಿ. ಉತ್ತರದ ಬಿಸಿಗಾಳಿ ಚರ್ಚಿನ ಅಂಗಳಕ್ಕೆಲ್ಲ ಕೆಂಪು ಧೂಳು ತಂದು ಸುರಿಯುತ್ತಿತ್ತು.

"ಏನಾಯ್ತೋ ಮಾರಾಯ? ಹೆಗಲು ಬಿದ್ದೋಗ್ತಿದೆ," ಎಂದ ಮುಂದಿದ್ದವನೊಬ್ಬ.

"ಗಾಡಿ ಮೂತಿ ನೋಡ್ರೋ. ಇದು ನೀಲಿಯವರದ್ದು!"

ನೆಲ್ಲೊ ಕುಳ್ಳ. ಅವನು ಹೆಗಲು ಕೊಟ್ಟರೆ ಪೆಟ್ಟಿಗೆ ವಾಲುತ್ತದೆಂದು ಮುಂದೆ ನಡೆಯಲು ಬಿಟ್ಟಿದ್ದರು. ಹಾಗಾಗಿಯೇ ಗಾಡಿಯ ಮೂತಿಯ ಮೇಲಿನ ಗುರುತು ಮೊದಲು ಅವನ ಕಣ್ಣಿಗೆ ಬಿತ್ತು.

ದಕ್ಷಿಣ ಆಸ್ಟ್ರೇಲಿಯಾದ ನಮ್ಮ ಎಲಿಜಬೆತ್ ಊರಿನಲ್ಲಿ ಮದುವೆಗೆ ಧರ್ಮ ಕೇಳದಿದ್ದರೂ ಮನೆಯಲ್ಲಿ ಯಾವ ಕಾರಿದೆ ಎಂದು ಕೇಳುತ್ತಿದ್ದ ಕಾಲವೊಂದಿತ್ತು. ಕೆಂಪು ಕಂಪನಿಯ ಕಾರ್ಖಾನೆ ಇದ್ದದ್ದು ಇಲ್ಲೇ. ನೀಲಿ ಕಂಪನಿಯದ್ದು ದೂರದ ಮೆಲ್ಬರ್ನ್ ಕಡೆ. ಎರಡೂ ಮಾಡುತ್ತಿದ್ದದ್ದು ಒಂದೇ ಬಗೆಯ ಕಾರು: ಎಂಟು ಸಿಲಿಂಡರಿನ, ತಗ್ಗಿ ಕೂತ ಉದ್ದನೆಯ ಸೆಡಾನ್. ವಾರವೆಲ್ಲ ಮಕ್ಕಳನ್ನು ಶಾಲೆಗೆ ಬಿಟ್ಟು, ಭಾನುವಾರ ಹೆದ್ದಾರಿಯಲ್ಲಿ ಗುಡುಗಿಕೊಂಡು ಹೋಗುವ ಕಾರು. ಆದರೂ ಈ ಎರಡು ಬಣ್ಣದವರಿಗೆ ಎಣ್ಣೆ ಸೀಗೇಕಾಯಿ. ಈಗ ಎರಡು ಕಾರ್ಖಾನೆಯೂ ಇಲ್ಲ, ಜಗಳ ಮಾತ್ರ ಗುಂಡುಕಲ್ಲಿನ ಹಾಗೆ ಉಳಿದಿದೆ. ಕ್ಲೈವ್ ಅಂತೂ ಎಪ್ಪತ್ತನಾಲ್ಕು ವರ್ಷ ನೀಲಿ ಕಾರಿನಲ್ಲಿ ಕಾಲಿಟ್ಟವನಲ್ಲ. ಒಮ್ಮೆ ಮಳೆಯಲ್ಲಿ ಆರು ಮೈಲಿ ನಡೆದೇ ಬಂದಿದ್ದ, ನೀಲಿಯವನೊಬ್ಬ ಹತ್ತಿಸಿಕೊಳ್ಳಲು ನಿಲ್ಲಿಸಿದರೂ.

"ನಮ್ಮ ಇನ್ನೊಂದು ಗಾಡಿ ಬೆಳಿಗ್ಗೆ ಬೇರೆ ಊರಿಗೆ ಹೋಗ್ಬೇಕಾಯ್ತು," ಎಂದಳು ಶವಸಂಸ್ಕಾರದ ಕಂಪನಿಯ ಹುಡುಗಿ ಬ್ರಿಯೊನಿ. "ಗಾಡಿ ಅಂದ್ರೆ ಗಾಡಿ, ಅಲ್ವಾ?"

ಪೆಟ್ಟಿಗೆಯನ್ನು ಚಕ್ರದ ಮೇಜಿಗೆ ಇಳಿಸಿ ನೀಲಗಿರಿ ಮರದ ನೆರಳಿಗೆ ತಳ್ಳಿದರು.

ಪಕ್ಕದ ಮನೆಯ ಟ್ರೆವರ್ ಹ್ಯಾಟಿನಿಂದ ಗಾಳಿ ಬೀಸಿಕೊಳ್ಳುತ್ತ ಬಂದ. ಮೂವತ್ತು ವರ್ಷ ನೀಲಿಯವರ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು; ಬೇಲಿಯ ಆಚೆ ನಿಂತು ಕ್ಲೈವ್‌ನನ್ನು ರೇಗಿಸುವುದೇ ಅವನ ಎರಡನೇ ಕೆಲಸ. "ಅಷ್ಟು ಕಷ್ಟ ಆದ್ರೆ ಅವನ ಸೆಡಾನಿನ ಡಿಕ್ಕೀಲೇ ಮಡಚಿ ಹಾಕಿ. ಅದರಲ್ಲಿ ಜಾಗ ಜಾಸ್ತಿ ಅಂತ ಜಂಬ ಕೊಚ್ತಾ ಇದ್ದ," ಎಂದ.

ಕ್ಲೈವ್‌ನ ಮಗಳು ಡೆನೀಸ್‌ಗೆ ಅಷ್ಟು ದುಃಖದಲ್ಲೂ ನಗು ಬಂತು. ಕ್ಲೈವ್‌ನ ಕೆಂಪು ಸೆಡಾನ್ ಮೆರವಣಿಗೆಯ ಮುಂದೆ ಹೋಗಲೆಂದು ತೊಳೆಸಿಕೊಂಡು ಗೇಟಿನ ಬಳಿ ನಿಂತಿತ್ತು.

ಬ್ರಿಯೊನಿ ಸುತ್ತಲೂ ನೋಡಿ ಡೆನೀಸ್‌ಳ ಕಾರಿನತ್ತ ಕೈ ತೋರಿಸಿದಳು. "ಅದೂ ಕೆಂಪು ಕಂಪನೀದೇ ತಾನೆ? ಎತ್ತರ ಇದೆ, ಹಿಂದಿನ ಸೀಟು ಮಲಗಿಸಿದ್ರೆ ಪೆಟ್ಟಿಗೆ ಹಿಡಿಯುತ್ತೆ. ನೀವು ಹೂಂ ಅಂದ್ರೆ ಅದರಲ್ಲೇ ಕರ್ಕೊಂಡು ಹೋಗಬಹುದು."

ಮುದುಕರೆಲ್ಲ ನೆಲ ನೋಡಿದರು. ಆ ಕಾರಿನ ಕತೆ ಅವರಿಗೆ ಗೊತ್ತಿತ್ತು. ಡೆನೀಸ್‌ಗೆ, ಬದುಕಿದ್ದಾಗ ಅಪ್ಪ ಬೇಡವೆಂದ ಕಾರಿನಲ್ಲಿ ಕೊನೆಗಾದರೂ ಅವನನ್ನು ಕೂರಿಸಿಕೊಂಡು ಹೋಗಬೇಕೆನಿಸಿತು.

*

ಡೆನೀಸ್‌ಗೆ ಒಂಬತ್ತು ವರ್ಷವಿದ್ದಾಗ, ಕಾರ್ಖಾನೆಯವರು ವರ್ಷಕ್ಕೊಮ್ಮೆ ಮನೆಮಂದಿಯನ್ನು ಒಳಗೆ ಬಿಡುವ ದಿನ ಅಪ್ಪನ ಕೆಲಸ ನೋಡಲು ಹೋಗಿದ್ದಳು.

ಕ್ಲೈವ್ ನಿಲ್ಲುತ್ತಿದ್ದದ್ದು ಕಾರು ಜೋಡಿಸುವ ಲೈನಿನ ಕಟ್ಟಕಡೆಗೆ. ಸೆಡಾನ್ ಬಂದು ನಿಂತರೆ ನಾಲ್ಕು ಬಾಗಿಲು, ಒಂದು ಡಿಕ್ಕಿ, ಒಂದೊಂದನ್ನೂ ತೆಗೆದು ಮುಚ್ಚಿ, ತಲೆ ವಾಲಿಸಿ ಸದ್ದು ಕೇಳುತ್ತಿದ್ದ. "ಧಪ್" ಎಂದರೆ ಸರಿ. "ಚಟ್" ಎಂದರೆ ಪಕ್ಕದಲ್ಲಿ ನಿಂತ ನೆಲ್ಲೊ ಸ್ಪ್ಯಾನರ್ ಹಾಕಿ ಚಿಲಕದ ಕೊಂಡಿಯನ್ನು ಕೂದಲೆಳೆಯಷ್ಟು ಸರಿಸುತ್ತಿದ್ದ. ಎಲ್ಲ ಸರಿಹೋದ ಮೇಲೆ ಕ್ಲೈವ್ ಕಾರಿನ ನೆತ್ತಿಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದ. ಅದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ಆದರೆ ಅವನು ತಟ್ಟದೆ ಒಂದು ಕಾರೂ ಹೊರಗೆ ಹೋಗುತ್ತಿರಲಿಲ್ಲ.

ಅವತ್ತು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ಇದಕ್ಕೆ ನೀನು ತಟ್ಟು," ಎಂದ. ಅವಳು ಹೆದರಿ ಮುಟ್ಟಿದಳಷ್ಟೆ.

"ಹಾಗಲ್ಲ ಪುಟ್ಟಿ. ಹೋಗಿ ಬಾ ಅಂತ ಹೇಳೋ ಹಾಗೆ ತಟ್ಟು."

ತಟ್ಟಿದಳು. ಎಂಜಿನ್ ಗುಡುಗಿತು, ಕಾರು ಬಿಸಿಲಿಗೆ ಹೋಯಿತು.

"ಅಪ್ಪಾ, ನಿಂಗೆ ಜ್ವರ ಬಂದ್ರೆ ಏನ್ ಮಾಡ್ತಾರೆ?"

"ನಾನು ರಜೆ ಹಾಕಿದ ದಿನ ನೆಲ್ಲೊ ತಟ್ತಾನೆ. ಅವನು ತಟ್ಟಿದ್ರೆ ನಾನು ತಟ್ಟಿದ ಹಾಗೇನೆ."

"ಸುಳ್ಳು ಕಣಮ್ಮ," ಎಂದ ನೆಲ್ಲೊ. "ನಾನು ತಟ್ಟಿದ ಕಾರು ಇನ್ನೂ ಜೋರಾಗಿ ಓಡುತ್ತೆ."

ಮುಂದೆ ಅವಳು ಸ್ವಂತ ಕಾರು ಓಡಿಸಲು ಕಲಿತ ಮೇಲೆ, ಮದುವೆಯಾಗಿ ಹೊರಟಾಗ, ಮದುವೆ ಮುರಿದು ಬಂದು ಮತ್ತೆ ಹೊರಟಾಗ, ಪ್ರತಿ ಸಲವೂ ಗೇಟಿನ ಬಳಿ ಕಾರಿನ ನೆತ್ತಿಯ ಮೇಲೆ ಎರಡು ಸಲ ತಟ್ಟು ಬೀಳುತ್ತಿತ್ತು. ಕ್ಲೈವ್ ಬಾಯಿಬಿಟ್ಟು ಪ್ರೀತಿ ಹೇಳುವ ಜಾತಿಯವನಲ್ಲ.

*

ಮೂರು ತಿಂಗಳ ಹಿಂದೆ ಅವಳು ಈ ಎತ್ತರದ ಹೊಸ ಕಾರಿನಲ್ಲಿ ಬಂದಾಗ ಅವನು ಗಿಡಗಳಿಗೆ ನೀರು ಬಿಡುತ್ತಿದ್ದ.

"ಇದೇನಿದು, ಲಾರಿ ತಂದಿದ್ಯಾ?"

"ಮಂಡಿ ಆಪರೇಷನ್ ಆದ್ಮೇಲೆ ತಗ್ಗಿನ ಕಾರಲ್ಲಿ ಕೂತು ಏಳೋಕಾಗಲ್ಲ ಅಪ್ಪಾ. ಕ್ಲಚ್ ತುಳಿಯೋಕೂ ಆಗಲ್ಲ. ಆದ್ರೂ ನಿನ್ನ ಮುಖ ನೋಡ್ಕೊಂಡು ಶೋರೂಮಲ್ಲಿ ಮೊದಲು ಸೆಡಾನೇ ಕೇಳಿದೆ. ಪಟ್ಟೀಲೇ ಇಲ್ವಂತೆ. ಈಗ ಕಂಪನಿ ಹೊರದೇಶದಿಂದ ತರಿಸೋದೆಲ್ಲ ಇಂಥದ್ದೇ."

"ಜೋರಾಗಿ ಓಡೋದು ಒಂದೂ ಇಲ್ವಾ?"

"ಎರಡು ವರ್ಷದಲ್ಲಿ ಕರೆಂಟಿನ ಸೆಡಾನ್ ಬಂದ್ರೂ ಬರಬಹುದಂತೆ. ನಿನ್ನ ಎಂಟು ಸಿಲಿಂಡರಿಗಿಂತ ಜೋರು ಅಂತೆ."

"ಸದ್ದು?"

"ಸ್ಪೀಕರಲ್ಲಿ ಹಾಕ್ತಾರಂತೆ."

ಕ್ಲೈವ್ ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಕೊಳವೆ ಕೆಳಗಿಟ್ಟು ಕಾರಿನ ಬಾಗಿಲೊಂದನ್ನು ತೆಗೆದು ಮುಚ್ಚಿದ, ಸದ್ದು ಕೇಳಿದ. "ಚೆನ್ನಾಗೇ ಮುಚ್ಚುತ್ತೆ," ಎಂದ.

ಸಂಜೆ ಅವಳು ಹೊರಟಾಗ ಗೇಟಿನ ಬಳಿ ಬಂದು ನಿಂತ. ಕೈ ಎರಡೂ ಜೇಬಿನಲ್ಲಿದ್ದವು.

"ತಟ್ಟಲ್ವಾ ಅಪ್ಪಾ?"

"ಇದು ನಮ್ಮ ಲೈನಿಂದಲ್ಲ ಕಣಮ್ಮ."

ಐವತ್ತರ ಹತ್ತಿರದ ಹೆಂಗಸಿಗೆ ಇದಕ್ಕೆ ಅಳು ಬರಬಾರದು. ಬಂತು. ಗಾಜು ಏರಿಸಿಕೊಂಡು ಹೊರಟುಹೋದಳು. ಆಮೇಲೆ ಎರಡು ಭಾನುವಾರ ಕೆಲಸದ ನೆಪ, ಒಂದು ಭಾನುವಾರ ನೆಗಡಿಯ ನೆಪ. ನಂತರ ಬರೀ ಫೋನು. ಹೋದ ಗುರುವಾರ ಅದೇ ಗಿಡಗಳಿಗೆ ನೀರು ಬಿಡುತ್ತ ಎದೆ ಹಿಡಿದು ಕೂತ ಕ್ಲೈವ್ ಮತ್ತೆ ಏಳಲಿಲ್ಲ.

*

"ನನ್ನ ಕಾರಿಗೇ ಹಾಕಿ," ಎಂದಳು ಡೆನೀಸ್. ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು.

ಟ್ರೆವರ್ ಹ್ಯಾಟನ್ನು ಎದೆಗೆ ಹಿಡಿದು ಗಂಟಲು ಸರಿಮಾಡಿಕೊಂಡ. "ಒಂದ್ ನಿಮಿಷ ಡೆನೀಸ್. ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ, ಇವತ್ತು ಮುರೀತೀನಿ. ನಮ್ಮ ನೀಲಿ ಕಾರ್ಖಾನೆ ಮುಚ್ಚಿದ ದಿನ ಅವನು ಬೇಲಿ ದಾಟಿ ಬಂದ. ಕೈಯಲ್ಲಿ ಎರಡು ಬಿಯರ್. ಅಣಕಿಸೋಕೆ ಬಂದ ಅಂದ್ಕೊಂಡೆ. ಒಂದು ಮಾತೂ ಆಡಲಿಲ್ಲ. ನನ್ನ ಸೆಡಾನ್ ಹತ್ರ ಹೋಗಿ ನಾಲ್ಕೂ ಬಾಗಿಲು ತೆಗೆದು ಮುಚ್ಚಿದ. ಆಮೇಲೆ ನೆತ್ತಿ ಮೇಲೆ ಎರಡು ಸಲ ತಟ್ಟಿದ."

"ಕ್ಲೈವಾ? ನೀಲಿ ಕಾರಿಗಾ?" ಹೆಗಲು ಕೊಟ್ಟವರಲ್ಲೊಬ್ಬ ಬಾಯಿ ಬಿಟ್ಟ.

"'ಯಾರಿಗಾದ್ರೂ ಹೇಳಿದ್ರೆ ಬೇಲಿ ಕಡೆ ತಲೆ ಹಾಕ್ಬೇಡ' ಅಂದ. ಒಂಬತ್ತು ವರ್ಷ ಬಾಯಿ ಕಟ್ಕೊಂಡಿದ್ದೀನಿ. ಮುಂದಿನ ವರ್ಷ ನಿಮ್ಮದು ಮುಚ್ಚಿದಾಗ ಬಿಯರ್ ನಾನು ತಗೊಂಡು ಹೋದೆ."

ಡೆನೀಸ್‌ಳ ಕಣ್ಣು ತುಂಬಿತು. "ನೀಲಿ ಕಾರಿಗೂ ತಟ್ಟಿದ್ದಾನೆ. ನನ್ನ ಕಾರಿಗೆ ಮಾತ್ರ ಇಲ್ಲ."

ನೆಲ್ಲೊ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡ. "ಅವತ್ತು ನೀನು ಹೋದ್ಮೇಲೆ ನಂಗೆ ಫೋನ್ ಮಾಡಿದ್ದ. 'ಬಾಗಿಲು ಎಷ್ಟು ಸರಿಯಾಗಿ ಕೂತಿದೆ ಅಂದ್ರೆ ನಿಂಗೆ ಕೆಲಸಾನೇ ಇಲ್ಲ ಕಣೋ. ಯಾರು ಕೂರಿಸಿದ್ರೋ, ಯಾವ ಊರಲ್ಲೋ. ಯಾರಿಗೆ ಅಂತ ತಟ್ಲಿ?' ಅಂದ. ಆಮೇಲೆ ಫೋನ್ ಇಡಲೇ ಇಲ್ಲ, ಸುಮ್ಮನೆ ಉಸಿರು ಬಿಡ್ತಾ ಇದ್ದ. ಕೊನೆಗೆ, 'ಮಗಳು ಒಳಗಿದ್ಲು ಕಣೋ. ತಟ್ಟಬೇಕಿತ್ತು' ಅಂದ. ಮುಂದಿನ ಸಲ ಬಂದಾಗ ತಟ್ಟು, ಅದಕ್ಕೇನೀಗ ಅಂದೆ."

ಆ ಮುಂದಿನ ಸಲ ಬರಲೇ ಇಲ್ಲ. ಡೆನೀಸ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತಳು. ಚರ್ಚಿನ ಹೆಂಗಸೊಬ್ಬಳು ನೀರು ತಂದುಕೊಟ್ಟಳು, ಒಳಗೆ ಸ್ಯಾಂಡ್‌ವಿಚ್‌ಗಳಿಗೆ ನೊಣ ಮುತ್ತುತ್ತಿವೆ ಎಂದೂ ಹೇಳಿದಳು.

ನೀರು ಕುಡಿದ ಡೆನೀಸ್ ಬೂದುಬಣ್ಣದ ಶವವಾಹನದ ಸುತ್ತ ಒಂದು ಸಲ ನಡೆದು ಬಂದಳು. ಅದೂ ಒಂದು ಕಾಲಕ್ಕೆ ಸೆಡಾನೇ. ನಡು ಕತ್ತರಿಸಿ ಉದ್ದ ಮಾಡಿದ್ದರು. ತಗ್ಗಿ ಕೂತ ಮೂತಿ ಹಾಗೇ ಇತ್ತು.

"ಇದರಲ್ಲೇ ಹೋಗಲಿ," ಎಂದಳು. "ಇದನ್ನ ಮಾಡಿದವರೂ ಲೈನಲ್ಲಿ ನಿಂತವರೇ."

ಪೆಟ್ಟಿಗೆ ಒಳಗೆ ಹೋಯಿತು. ಬ್ರಿಯೊನಿ ಹಿಂಬಾಗಿಲು ಮುಚ್ಚಿದಳು.

"ಚಟ್."

ಅಂಗಳದಲ್ಲಿದ್ದ ಮುದುಕರ ತಲೆಗಳೆಲ್ಲ ಒಟ್ಟಿಗೆ ತಿರುಗಿದವು.

"ಅದು ಯಾವಾಗ್ಲೂ ಹಾಗೇ," ಎಂದಳು ಬ್ರಿಯೊನಿ.

"ಯಾವಾಗ್ಲೂ ಹಾಗೇನಾ!" ನೆಲ್ಲೊ ಕೋಟಿನ ಒಳಜೇಬಿಗೆ ಕೈ ಹಾಕಿದ. ಸ್ಪ್ಯಾನರ್ ಹೊರಗೆ ಬಂತು.

"ಸಾವಿಗೆ ಬರುವಾಗ್ಲೂ ಸ್ಪ್ಯಾನರಾ?" ಎಂದ ಟ್ರೆವರ್.

"ಹೂ ಹಾಕೋಕೆ ನೂರು ಜನ ಇದ್ದಾರೆ. ಇದನ್ನ ಪೆಟ್ಟಿಗೆ ಜೊತೆ ಮಣ್ಣಲ್ಲಿ ಇಡೋಣ ಅಂತ ತಂದೆ. ನಿಮ್ಮ ಗಾಡಿ ಇರೋ ಕಡೆ ಅದಕ್ಕೂ ಮೊದಲೇ ಕೆಲಸ ಬಂತು ನೋಡು."

ಕಪ್ಪು ಸೂಟಿನಲ್ಲೇ ಧೂಳಿಗೆ ಮಂಡಿಯೂರಿ ಕೊಂಡಿಯನ್ನು ಸಡಿಲಿಸಿದ, ಕೂದಲೆಳೆಯಷ್ಟು ಸರಿಸಿದ, ಬಿಗಿದ. ಬಾಗಿಲು ಮುಚ್ಚಿ ತಲೆ ವಾಲಿಸಿದ. ಸ್ವಲ್ಪ ಬಾಕಿ. ಮತ್ತೆ ಸರಿಸಿದ. ಬ್ರಿಯೊನಿ ಗಡಿಯಾರ ನೋಡಿಕೊಂಡಳು. ಮೂರನೆಯ ಸಲ "ಧಪ್" ಎಂದಿತು.

"ಈಗ ಸರಿ," ಎಂದು ನೆಲ್ಲೊ ಡೆನೀಸ್‌ಳ ಕಡೆ ನೋಡಿದ.

ಅವಳು ಮುಂದೆ ಬಂದು, ಬಿಸಿಲಿಗೆ ಸುಡುತ್ತಿದ್ದ ನೀಲಿಯವರ ಗಾಡಿಯ ನೆತ್ತಿಯ ಮೇಲೆ ಎರಡು ಸಲ ತಟ್ಟಿದಳು. ಮೆಲ್ಲಗಲ್ಲ.

ಕ್ಲೈವ್‌ನ ಸೆಡಾನ್ ಓಡಿಸಲು ಅವಳ ಮಂಡಿ ಬಿಡದಿದ್ದರಿಂದ ಬೀಗದ ಕೈಯನ್ನು ಟ್ರೆವರ್ ಕೈಗಿಟ್ಟಳು. "ಸತ್ತ ಮೇಲೂ ಸೇಡು ತೀರಿಸ್ಕೊಂಡ, ನನ್ನನ್ನ ಕೆಂಪು ಕಾರಿಗೆ ಹತ್ತಿಸಿಯೇಬಿಟ್ಟ," ಎಂದು ಗೊಣಗುತ್ತ ಅವನು ಹತ್ತಿದ. ಎಂಟು ಸಿಲಿಂಡರು ಒಟ್ಟಿಗೆ ಎದ್ದವು. ಮರದ ಮೇಲಿನ ಹಕ್ಕಿಗಳೆಲ್ಲ ಹಾರಿದವು. ಟ್ರೆವರ್ ಬೇಕಿಲ್ಲದಿದ್ದರೂ ಇನ್ನೊಮ್ಮೆ ಗುಡುಗಿಸಿದ್ದನ್ನು ಎಲ್ಲರೂ ಕೇಳಿಯೂ ಕೇಳದಂತೆ ಇದ್ದರು.

ಡೆನೀಸ್ ತನ್ನ ಎತ್ತರದ ಕಾರಿನಲ್ಲಿ ಕೂತಳು. ಸೆಡಾನ್ ಹೊರಟಿತು, ಹಿಂದೆ ಶವವಾಹನ. ಇವಳು ಹೊರಡಬೇಕೆನ್ನುವಷ್ಟರಲ್ಲಿ ನೆಲ್ಲೊ ಬಂದು ಅಡ್ಡ ನಿಂತ. ಅವಳ ಬಾಗಿಲು ತೆಗೆದ, ಮುಚ್ಚಿದ, ತಲೆ ವಾಲಿಸಿದ. ಆಮೇಲೆ ಕೈ ಮೇಲೆತ್ತಿದ. ಬೆರಳತುದಿ ನೆತ್ತಿಯ ಅಂಚಿಗಷ್ಟೇ ಎಟುಕಿತು. ಒಂದು ಸಲ ಎಗರಿ ನೋಡಿದ, ಆಗಲಿಲ್ಲ. ಡೆನೀಸ್ ಗಾಜು ಇಳಿಸಿದಳು.

"ಅಂಕಲ್, ಹೊತ್ತಾಯ್ತು. ಬಿಡಿ, ಪರವಾಗಿಲ್ಲ."

"ಸುಮ್ನಿರಮ್ಮ," ಎಂದ ನೆಲ್ಲೊ ಮುಂದಿನ ಚಕ್ರದ ಮೇಲೆ ಬೂಟುಕಾಲಿಟ್ಟು, ಕನ್ನಡಿ ಹಿಡಿದು, ಏದುಸಿರು ಬಿಡುತ್ತ ಹತ್ತಿದ. "ಇವತ್ತು ಕ್ಲೈವ್ ರಜೆ."

ಅವಳ ತಲೆಯ ಮೇಲೆ ತಗಡು ಎರಡು ಸಲ ಸದ್ದು ಮಾಡಿತು. ನೆತ್ತಿಯ ಮೇಲಿನ ಕೆಂಪು ಧೂಳು ಎದುರಿನ ಗಾಜಿನ ಮೇಲೆ ಸಣ್ಣಗೆ ಜಾರಿಬಂತು.