ಮೀನಿಗೆ ಹಾಕಿದ ಬೆಣ್ಣೆ

ಇನ್ನೊಬ್ಬರ ಅಡುಗೆಮನೆಯ ವಿಷಯವನ್ನು ಹೊರಗೆ ಹೇಳುವುದು ಸರಿಯೋ ತಪ್ಪೋ ತಿಳಿಯದು. ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಎಲ್ಲಾದರೂ ಒಂದು ಮಾತು ಹೆಚ್ಚುಕಡಿಮೆಯಾದರೆ ಅದು ಹೇಳಿದವರ ತಪ್ಪು, ಅನುಸೂಯಾಳದ್ದಲ್ಲ.

ಅನುಸೂಯಾ ಕೊಪ್ಪಳದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ. ಭಾಗ್ಯನಗರದಲ್ಲಿ ಬಾಡಿಗೆಗೆ ಒಂದು ಖೋಲಿ, ಅದಕ್ಕೆ ಹತ್ತಿದ ಸಣ್ಣ ಅಡುಗೆಮನೆ. ಬೆರಳ ತುದಿಯಲ್ಲಿ ತೊನ್ನು ಕಾಣಿಸಿಕೊಂಡು ಎಷ್ಟೋ ವರ್ಷವಾಗಿತ್ತು. ಈಗ ಎರಡೂ ಕೈ ಮಣಿಕಟ್ಟಿನವರೆಗೆ ಬೆಳ್ಳಗಾಗಿದ್ದವು. ಇದು ಅಂಟುವ ರೋಗವಲ್ಲ, ತಿಂದದ್ದರಿಂದ ಬಂದದ್ದೂ ಅಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಎಲ್ಲರೂ ಒಪ್ಪುತ್ತಿದ್ದರು. ಒಪ್ಪಿ, ಕಚೇರಿಯಲ್ಲಿ ಊಟದ ಹೊತ್ತಿಗೆ ಅವಳು ಡಬ್ಬಿ ಮುಂದೆ ಮಾಡಿದರೆ, "ಹೊಟ್ಟಿ ತುಂಬೇತ್ರಿ" ಅನ್ನುತ್ತಿದ್ದರು. ಸಿದ್ದಾಪುರದ ಅಕ್ಕ ಹುಲಗೆಮ್ಮನ ಮನೆಗೆ ಹೋದರೆ ಪ್ರೀತಿಯಿಂದಲೇ ಬಡಿಸುತ್ತಿದ್ದರು. ಇವಳು ರೊಟ್ಟಿ ಬಡಿಯಲು ಕೂತರೆ ಮಾತ್ರ "ನೀ ದಣದು ಬಂದಿ, ಏಳು" ಎಂದು ಎಬ್ಬಿಸುತ್ತಿದ್ದರು. ಅವಳ ಕೈಯಡುಗೆಯನ್ನು ಅವಳೊಬ್ಬಳೇ ಉಣ್ಣುವುದು ರೂಢಿಯಾಗಿ ಹೋಗಿತ್ತು.

ಹಾಗಿರುವಾಗ ಹುಲಗೆಮ್ಮನ ಮಗಳು ದೀಪಿಕಾ ಫೋನ್ ಮಾಡಿದಳು.

"ಚಿಗವ್ವಾ, ಐತವಾರ ಕೊಪ್ಪಳದಾಗ ಪರೀಕ್ಷಾ ಐತಿ. ಮುಗಿಸಿ ನಿನ್ನ ಮನಿಗೇ ಉಣ್ಣಾಕ ಬರ್ತೀನಿ."

"ಏನ ಮಾಡ್ಲಿ ನಮ್ಮವ್ವಾ?"

"ಒಂದು ವಿಡಿಯೋ ಕಳಸ್ತೀನಿ ನೋಡು. ಬಿಳೀ ಮೀನು, ಬಾಜೂಕ ಕಾಯಿಪಲ್ಯ, ಮ್ಯಾಲೆ ಹಳದೀ ಸಾರು. ನಮ್ಮವ್ವನ ಖಾರದ ಮೀನ ತಿಂದು ತಿಂದು ನಾಲಿಗಿ ಸುಟ್ಟ ಹೋಗೇತಿ."

ವಿಡಿಯೋದಲ್ಲಿ ಯಾವುದೋ ದೇಶದ ಹೆಂಗಸು ಯಾವುದೋ ಭಾಷೆಯಲ್ಲಿ ಮಾತಾಡುತ್ತಿದ್ದಳು. ಅನುಸೂಯಾ ಮಾತು ಬಿಟ್ಟು ಕೈಗಳನ್ನಷ್ಟೇ ನೋಡಿ ಕಲಿತಳು. ಬೆಣ್ಣೆ ತರಲು ಹೋದಾಗ ಉಪ್ಪಿನದೋ ಸಪ್ಪನದೋ ಎಂದು ಅಂಗಡಿಯವನು ಕೇಳಿದ. ಗಾಬರಿಯಾಗಿ ಎರಡನ್ನೂ ತಂದಳು.

ಭಾನುವಾರ ಮುಂಜಾನೆ ಡ್ಯಾಮಿನ ಮೀನು ಮಾರುವ ಅಬೇದಾಬಿ ತಕ್ಕಡಿ ನೋಡಿ ಹುಬ್ಬೇರಿಸಿದಳು.

"ಒಂದ ತುಣುಕು ಒಯ್ಯಾಕಿ ಇವತ್ತ ಇಡೀ ಮೀನ ಒಯ್ಯಾಕತ್ತಿ. ಯಾರ ಬರ್ತಾರ ಅನುಸೂಯಕ್ಕ?"

"ಅಕ್ಕನ ಮಗಳು."

"ಹಂಗಾರ ತಲಿ ನಾನ ಇಟ್ಕೊಂತೀನಿ. ಈಗಿನ ಹುಡಿಗ್ಯಾರು ಪರೀಕ್ಷಾಕ್ಕ ಹೆದರಂಗಿಲ್ಲ, ಮೀನಿನ ಕಣ್ಣಿಗೆ ಹೆದರ್ತಾವ."

ಮನೆಗೆ ಬಂದ ಅನುಸೂಯಾ ಮೊದಲು ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡಳು. ಹಾಕಿಕೊಂಡರೆ ತನ್ನ ಕೈಯಲ್ಲೇ ದೋಷವಿದೆಯೆಂದು ಒಪ್ಪಿಕೊಂಡಂತೆ ಎನಿಸಿ ತೆಗೆದಳು. ಹುಡುಗಿಗೆ ಹೇಸಿಕೆಯಾದರೆ ಎಂದು ಮತ್ತೆ ಹಾಕಿಕೊಂಡಳು. ಕಡೆಗೆ ಬರಿಗೈಯಲ್ಲೇ ಮೀನಿನ ತುಣುಕುಗಳನ್ನು ಬಟ್ಟೆಯಿಂದ ಒತ್ತಿ ಒಣಗಿಸಿ, ಉಪ್ಪು, ಕಾಳುಮೆಣಸಿನ ಪುಡಿ ಸವರಿ, ಮೈದಾದಲ್ಲಿ ಹೊರಳಿಸಿ ಕಾದ ತವೆಯ ಮೇಲಿಟ್ಟಳು. ಅಲುಗಿಸದೆ ಬಿಟ್ಟಾಗ ತಳ ಹೊಂಬಣ್ಣಕ್ಕೆ ತಿರುಗಿ ತಾನೇ ಎದ್ದು ಬಂತು. ಗಜ್ಜರಿ, ಬೀನ್ಸ್, ಹೂಕೋಸು ಅದೇ ತವೆಯಲ್ಲಿ ಬೆಂದವು. ಬೆಣ್ಣೆ ಕರಗಿ ನೊರೆಯಾದಾಗ ಜಜ್ಜಿದ ಬಳ್ಳೊಳ್ಳಿ, ಮೇಲೆ ನಿಂಬೆರಸ. ಆ ಖೋಲಿಯಲ್ಲಿ ಅಂಥ ವಾಸನೆ ಎಂದೂ ಎದ್ದಿರಲಿಲ್ಲ.

ದೀಪಿಕಾ ಬಂದವಳೇ ಚಪ್ಪಲಿ ಬಿಟ್ಟು, ಪ್ರಶ್ನೆಪತ್ರಿಕೆ ತಯಾರಿಸಿದವನನ್ನು ಬೈದು, ತಾಟಿನ ಮುಂದೆ ಕೂತಳು. "ಅಯ್ಯ, ಹೋಟೆಲ್ಲಿನಂಗ ಮಾಡಿಯಲ್ಲ" ಎಂದು ಒಂದು ತುಣುಕು ಮುರಿದಳು. ಬಾಯಿಯ ಹತ್ತಿರ ಒಯ್ದು ಕೇಳಿದಳು.

"ಈ ಹಳದೀ ಸಾರು ಏನ ಹಾಕಿ ಮಾಡೀದಿ?"

"ಬೆಣ್ಣಿ, ಬಳ್ಳೊಳ್ಳಿ, ನಿಂಬಿಹಣ್ಣು."

ದೀಪಿಕಾಳ ಕೈ ನಿಂತಿತು.

ಅನುಸೂಯಾಳಿಗೆ ಆಗ ಹೊಳೆಯಿತು. ಮೀನಿನ ಜತೆ ಹಾಲು, ಮೊಸರು, ಬೆಣ್ಣೆ ತಿಂದರೆ ತೊನ್ನು ಬರುತ್ತದೆಂದು ಸಿದ್ದಾಪುರದ ಚಿಕ್ಕ ಕೂಸಿಗೂ ಗೊತ್ತು. ಮೀನು ತಿಂದು ಮಜ್ಜಿಗೆ ಕುಡಿದದ್ದಕ್ಕೇ ಅನುಸೂಯಾಳ ಕೈ ಹೀಗಾದದ್ದೆಂದು ಓಣಿಯವರೆಲ್ಲ ಆಡಿದ್ದರು. ಇಲ್ಲ, ಕುಡಿದಿಲ್ಲ, ಎಂದೂ ಕುಡಿದಿಲ್ಲ ಎಂದು ಆಣೆ ಮಾಡಿ ಸಾಕಾಗಿದ್ದವಳು ಅವಳೇ. ಅವಳೇ ಈಗ ಬೆಣ್ಣೆಯಲ್ಲಿ ಮೀನು ಅದ್ದಿ ಅಕ್ಕನ ಮಗಳ ಮುಂದೆ ಇಟ್ಟಿದ್ದಳು. ವಿಡಿಯೋದ ಹೆಂಗಸಿನ ಕೈ ನೋಡುತ್ತ ನೋಡುತ್ತ ಅದು ತನ್ನ ಊರಿನ ಮೀನು, ತನ್ನ ಊರಿನ ಬೆಣ್ಣೆ ಎಂಬುದೇ ಮರೆತುಹೋಗಿತ್ತು.

"ನಾ ಅದನ್ನ ನಂಬಂಗಿಲ್ಲ ಚಿಗವ್ವ" ಎಂದಳು ದೀಪಿಕಾ ತಲೆ ತಗ್ಗಿಸಿ. "ಆದ್ರ ಮುಂದಿನ ವಾರ ಕನಕಗಿರಿಯವರು ನನ್ನ ನೋಡಾಕ ಬರ್ತಾರ. ಅವ್ವಗ ಗೊತ್ತಾದ್ರ..."

"ಬ್ಯಾಡವ್ವ, ಬಿಡು. ನಂದ ತಪ್ಪು. ಕಾಯಿಪಲ್ಯ ಅಷ್ಟ..." ಎಂದು ಅನುಸೂಯಾ ಅರ್ಧಕ್ಕೇ ನಿಲ್ಲಿಸಿದಳು. ಕಾಯಿಪಲ್ಯಕ್ಕೂ ಬೆಣ್ಣೆ ಹತ್ತಿತ್ತು.

ಅಂಗಡಿಯಿಂದ ತಂದ ಬಾಳೆಹಣ್ಣಿದ್ದವು. ದೀಪಿಕಾ ತಾನೇ ಸುಲಿದು ಎರಡು ತಿಂದಳು. ಹೊರಡುವಾಗ, "ಡಬ್ಬಿಗೆ ಹಾಕ್ಕೊಡು ಚಿಗವ್ವ. ಈಗ ಹಸಿವಿಲ್ಲ, ಬಸ್ಸಿನಾಗ ತಿಂತೀನಿ" ಎಂದಳು. ಅನುಸೂಯಾ ಒಳ್ಳೆಯ ತುಣುಕುಗಳನ್ನೇ ಆರಿಸಿ ಹಾಕಿಕೊಟ್ಟಳು. ತಿನ್ನು ಎಂದೂ ಹೇಳಲಿಲ್ಲ, ತಿನ್ನಬೇಡ ಎಂದೂ ಹೇಳಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಹಿಂದಿರುಗಿ, ತವೆಯಲ್ಲಿ ಉಳಿದದ್ದನ್ನು ಒಲೆಯ ಕಟ್ಟೆಗೆ ಒರಗಿ ನಿಂತೇ ತಿಂದಳು. ಆರಿ ಬೆಣ್ಣೆ ಗಟ್ಟಿಯಾಗಿದ್ದರೂ ರುಚಿಯಾಗಿತ್ತು.

ಸಂಜೆ ಫೋನ್ ಬಂತು. "ಭಾಳ ಛಲೋ ಆಗಿತ್ತು ಚಿಗವ್ವ. ಎಲ್ಲಾ ಖಾಲಿ."

"ಹೌದೇನು? ಉಪ್ಪು ಸರಿ ಇತ್ತಾ?"

"ಸರಿ ಇತ್ತು."

ಅನುಸೂಯಾ ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಕೊಪ್ಪಳದಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಕಾಲುವೆಗಳಿವೆ, ಬಸ್ಸಿಗೆ ಕಿಟಕಿಗಳಿವೆ, ಹಸಿದ ಹುಡುಗಿಗೆ ಹೊಟ್ಟೆಯೂ ಇದೆ. ಆ ಮೀನನ್ನು ದೀಪಿಕಾ ತಿಂದಳೋ ಇಲ್ಲವೋ ಅನುಸೂಯಾಳಿಗೆ ಗೊತ್ತಿಲ್ಲ. ಇದನ್ನು ಹೇಳಿದವರಿಗೂ ಗೊತ್ತಿಲ್ಲ.