ಗಣಿತಕ್ಕೆ ತೊಂಬತ್ತಾರು

ಹೋದ ವರ್ಷ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ಹೆಡ್ಮಾಸ್ಟರ್ ಚಿತ್ತಪ್ಪ ಪ್ರಶ್ನೆಪತ್ರಿಕೆಯೊಂದನ್ನು ತಂದು ಪ್ರೇಮಲತಾಳ ಮುಂದಿಟ್ಟಿದ್ದರು. "ಪೇಪರ್ ಹೆಂಗೈತೆ ನೋಡಾಕೆ, ಒಂದ್ಸಲ ಬಿಡಿಸಿ ಕೊಡ್ರಿ ಮೇಡಂ" ಅಂದರು. ಜಗಳೂರಿನ ಆಚೆಯ ಆ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು ಅವಳೊಬ್ಬಳೇ. ಬಿಡಿಸಿಕೊಟ್ಟಳು. ಪಕ್ಕದ ಕೋಣೆಯಲ್ಲಿ ಜೆರಾಕ್ಸ್ ಯಂತ್ರ ಶುರುವಾದದ್ದು ಕೇಳಿಸಿತು. ಯಾಕೆಂದು ವಿಚಾರಿಸಲಿಲ್ಲ. ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂತು. ಊರವರು ಅವಳಿಗೆ ಶಾಲು ಹೊದಿಸಿದರು.

ಈ ವರ್ಷ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂದವು. ನಲವತ್ತೊಂದು ಮಕ್ಕಳಲ್ಲಿ ಇಪ್ಪತ್ತೆಂಟು ಮಂದಿ ಗಣಿತದಲ್ಲಿ ಫೇಲಾದರು.

ಫಲಿತಾಂಶದ ಮಾರನೆಯ ದಿನವೇ ಹೆತ್ತವರೆಲ್ಲ ಹತ್ತನೇ ತರಗತಿಯ ಕೋಣೆಯಲ್ಲಿ ಸೇರಿದರು. ಶಾಲಾ ಸಮಿತಿಯ ಅಧ್ಯಕ್ಷ ಓಬಳಪ್ಪ ಎದ್ದುನಿಂತ. ಅವನ ಮಗನೂ ಫೇಲಾಗಿದ್ದ.

"ಮಕ್ಕಳು ಬದಲಾದ್ರೋ, ನೀವು ಪಾಠ ಮಾಡಾದು ಬಿಟ್ರೋ, ಹೇಳ್ರಿ ಮೇಡಂ."

"ಮೊಬೈಲ್ ನೋಡ್ಕಂತ ಕುಂತ್ರೆ ಸಂಬಳ ಬರ್ತೈತೆ" ಎಂದಳು ಹಿಂದಿನ ಬೆಂಚಿನ ಒಬ್ಬಾಕೆ.

ಪ್ರೇಮಲತಾ ಚಿತ್ತಪ್ಪನವರ ಮುಖ ನೋಡಿದಳು. ಅವರು ಮೇಜಿನ ಮೇಲಿನ ಕಾಗದ ಜೋಡಿಸುತ್ತಾ, "ಗಣಿತದ ವಿಷಯ ಮೇಡಂ ಅವ್ರನ್ನೇ ಕೇಳ್ರಿ" ಅಂದುಬಿಟ್ಟರು. ಅವಳ ಮೈಯೆಲ್ಲ ಉರಿಯಿತು.

ಓಬಳಪ್ಪ ಸಾಕ್ಷಿಗೆಂದೇ ಮಗಳನ್ನು ಕರೆತಂದಿದ್ದ. "ಇವಳು ನಮ್ಮ ದುರ್ಗಾಂಬಿಕಾ. ಹೋದ ವರ್ಷ ಇದೇ ಮೇಡಂ ಹತ್ರ ಕಲ್ತು ತೊಂಬತ್ತಾರು ತೆಗ್ದಾಳೆ. ಆಗ ಕಲಿಸಾಕೆ ಬರ್ತಿತ್ತು, ಈಗ ಯಾಕೆ ಬರಲ್ಲ?"

ಪ್ರೇಮಲತಾ ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ ಒಂದು ಸಮೀಕರಣ ಬರೆದಳು. ಹತ್ತನೇ ತರಗತಿಯದ್ದೇ, ತೀರಾ ಸುಲಭದ್ದು. "ಬಾರಮ್ಮ, ತೊಂಬತ್ತಾರು ತೆಗೆದವಳು ಇದನ್ನ ಬಿಡಿಸು."

ಹುಡುಗಿ ಬಂದಳು. ಸೀಮೆಸುಣ್ಣ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಅದೇ ಸಮೀಕರಣವನ್ನು ಕೆಳಗೆ ಇನ್ನೊಮ್ಮೆ ಬರೆದಳು. ಯಾರೋ ಕಿಸಕ್ಕನೆ ನಕ್ಕರು.

"ಹೆದರಬ್ಯಾಡ, ಬರಿ" ಅಂದ ಓಬಳಪ್ಪ.

"ನಂಗೆ ಬರಲ್ಲ ಅಪ್ಪಾಜಿ. ಆವತ್ತೂ ಬರ್ತಿರಲಿಲ್ಲ. ಮಾರ್ಕ್ಸ್ ನೋಡಿ ಪಿಯುಸಿ ಸೈನ್ಸಿಗೆ ಹಾಕಿದ್ರಿ. ವರ್ಷವೆಲ್ಲ ಒಂದಕ್ಷರ ತಿಳೀದೆ ಕುಂತು ಎದ್ದು ಬಂದೀನಿ. ಗಣಿತಕ್ಕೆ ಏಳು ಬಂದೈತೆ. ಮನೇಲಿ ಹೇಳಿಲ್ಲ."

ಪ್ರೇಮಲತಾಳಿಗೆ ಗೆದ್ದೆ ಅನ್ನಿಸಿದ್ದು ಒಂದು ಗಳಿಗೆ ಮಾತ್ರ. ಹುಡುಗಿ ಅವಳತ್ತ ತಿರುಗಿದಳು.

"ಪರೀಕ್ಷೆ ಕೋಣೇಲಿ ನಮ್ಗೆಲ್ಲ ಕೊಟ್ಟ ಜೆರಾಕ್ಸ್ ಹಾಳೇಲಿ ಇದ್ದದ್ದು ನಿಮ್ಮ ಅಕ್ಷರ ಮಿಸ್. ನಂಗೆ ಬರಲ್ಲ ಅಂತ ನಿಮಗೆ ಗೊತ್ತೈತೆ. ಗೊತ್ತಿದ್ದೇ ಬೋರ್ಡಿಗೆ ಕರೆದ್ರಿ."

ಓಬಳಪ್ಪ ಮಗಳ ರಟ್ಟೆಗೆ ಕೈ ಹಾಕಿದ. "ಬಾಯಿ ಮುಚ್ಚು. ನಡಿ ಮನೆಗೆ."

"ಅವಳನ್ನ ಬಿಡ್ರಿ" ಅಂದಳು ಪ್ರೇಮಲತಾ. "ಅದು ನನ್ನ ಅಕ್ಷರವೇ."

"ಮೇಡಂ, ಸುಮ್ನಿರ್ರಿ" ಎಂದು ಚಿತ್ತಪ್ಪ ಗದರಿದರು. ಅವಳು ಸುಮ್ಮನಿರಲಿಲ್ಲ. ಪೇಪರ್ ತಂದುಕೊಟ್ಟವರು ಯಾರು, ಜೆರಾಕ್ಸ್ ಎಲ್ಲಾಯಿತು, ಎಲ್ಲವನ್ನೂ ಹೇಳಿದಳು. ಕೇಳಿದವರ ಸಿಟ್ಟು ತಣಿಯಲಿಲ್ಲ. "ಹೋದ ವರ್ಷದೋರಿಗೆ ಕೊಟ್ಟು ನಮ್ಮ ಮಕ್ಕಳಿಗೆ ಮಾತ್ರ ಯಾಕೆ ಕೊಡ್ಲಿಲ್ಲ?" ಎಂದು ಹಿಂದಿನ ಬೆಂಚಿನಾಕೆ ಬೈದಳು.

ವಿಚಾರಣೆ ನಡೆಯಿತು. ಚಿತ್ತಪ್ಪನವರು ಅಮಾನತಾದರು, ಅವಳ ಬಡ್ತಿ ನಿಂತಿತು. ಮರುಪರೀಕ್ಷೆಗೆಂದು ಅವಳು ಬೆಳಗ್ಗೆ ಪಾಠ ಶುರುಮಾಡಿದಾಗ ಇಪ್ಪತ್ತೆಂಟರಲ್ಲಿ ಬಂದವರು ಒಂಬತ್ತು ಮಂದಿ. ಓಬಳಪ್ಪನ ಮಗ ಬರಲಿಲ್ಲ.

ಜೂನ್‌ನಲ್ಲಿ ದುರ್ಗಾಂಬಿಕಾ ಜಗಳೂರಿನ ಬಸ್ಸಿನಲ್ಲಿ ಸಿಕ್ಕಳು. ಹಟ ಹಿಡಿದು ಆರ್ಟ್ಸ್ ಸೇರಿದ್ದಳಂತೆ.

"ಆವತ್ತು ನಿನ್ನನ್ನ ಬೋರ್ಡಿಗೆ ಕರೀಬಾರದಿತ್ತು" ಅಂದಳು ಪ್ರೇಮಲತಾ.

"ಹೌದು ಮಿಸ್, ಕರೀಬಾರದಿತ್ತು."

ಪ್ರೇಮಲತಾಳ ಪಕ್ಕದ ಸೀಟು ಖಾಲಿಯಿತ್ತು. ಹುಡುಗಿ ಹಿಂದೆ ಹೋಗಿ, ಕಂಬಿ ಹಿಡಿದು ನಿಂತಳು.