ಯಾರ ಕೈಯಾದರೂ

ಪೆಟ್ಟಿಗೆ ಬಲಗಡೆಗೆ ವಾಲಿತು. ಹಿಂದೆ ಹೆಗಲು ಕೊಟ್ಟಿದ್ದ ಇಬ್ಬರೂ "ಏಯ್, ಹುಷಾರು, ಹುಷಾರು!" ಎಂದು ಒಟ್ಟಿಗೇ ಕೂಗಿದರು.

"ಮುಂದಿರೋರು ಯಾರ್ರೀ ಅದು? ಸ್ವಲ್ಪ ಮೇಲೆತ್ರಪ್ಪ."

"ಇದಕ್ಕಿಂತ ಮೇಲೆ ನನ್ನ ಹೆಗಲು ಬರಲ್ಲ," ಎಂದ ಲಾಳ ಕಟ್ಟುವವನು. "ನಲವತ್ತು ವರ್ಷ ಕುದುರೆ ಹೊಟ್ಟೆ ಕೆಳಗೆ ಬಗ್ಗಿರೋ ಬೆನ್ನು ಇದು. ನೀವೇ ಒಂಚೂರು ಬಗ್ಗಿ."

ಉಳಿದ ಮೂವರೂ ಬಗ್ಗಿದರು. ಪೆಟ್ಟಿಗೆ ನೆಟ್ಟಗಾಯಿತು. ಒಳಗೆ ಮಲಗಿದ್ದ ಲಾಯದಕ್ಕ ಇದನ್ನು ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವನ ಬೆನ್ನು ಕಂಡಾಗಲೆಲ್ಲ "ನಿನ್ನ ಹೂಳೋಕೆ ಬಡಗಿಗೆ ಹೇಳಿ ಬಾಗಿದ ಪೆಟ್ಟಿಗೇನೇ ಮಾಡಿಸ್ಬೇಕು ಕಣೋ" ಎನ್ನುತ್ತಿದ್ದವಳು ಅವಳೇ.

ಅವಳ ಎರಡು ಕೋಣೆಯ ಮನೆಯಿಂದ ಗೇಟಿಗೆ ಹೋಗಬೇಕಾದರೆ ಲಾಯದ ಅಂಗಳವನ್ನು ಹಾದೇ ಹೋಗಬೇಕು. ಮರದ ಬೇಲಿಯಾಚೆ ಐದೂ ಕುದುರೆಗಳು ಹುಲ್ಲು ತಿನ್ನುತ್ತಿದ್ದವು. ಪೆಟ್ಟಿಗೆ ಹೊತ್ತವರು ಗೊತ್ತಿಲ್ಲದೆಯೇ ಹೆಜ್ಜೆ ನಿಧಾನ ಮಾಡಿದರು. ಏನೋ ಆಗುತ್ತದೆ, ಒಂದಾದರೂ ಕೆನೆಯುತ್ತದೆ ಎಂದು ಎಲ್ಲರಿಗೂ ಅನ್ನಿಸಿತ್ತು. ಕಂದು ಬಣ್ಣದ ಒಂದು ಕುದುರೆ ಕಿವಿ ನಿಮಿರಿಸಿ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಉಳಿದವು ಅದನ್ನೂ ಮಾಡಲಿಲ್ಲ.

"ಮೂವತ್ತು ವರ್ಷ ಲದ್ದಿ ಬಾಚಿದ್ದಕ್ಕೆ ಇಷ್ಟೇನಾ?" ಎಂದರು ಪಕ್ಕದ ಬೀದಿಯ ಔಷಧಿ ಅಂಗಡಿಯವರು. "ನಾಯಿ ಸಾಕಿದ್ರೆ ಊಟನಾದ್ರೂ ಬಿಡ್ತಿತ್ತು."

"ಅತ್ತಿಗೆನೂ ಕೊನೆಗೆ ಹಾಗೇ ಆಗಿದ್ರು ಬಿಡಿ," ಎಂದಳು ಲಾಯದಕ್ಕನ ತಮ್ಮನ ಹೆಂಡತಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಎರಡು ತಿಂಗಳಿಂದ ಈ ಕಡೆ ಕಿಟಕೀನೂ ತೆಗೀತಿರ್ಲಿಲ್ಲ. ಮಂಚ ಗೋಡೆ ಕಡೆ ತಿರುಗಿಸಿ ಹಾಕಿಸ್ಕೊಂಡ್ರು. ಕಾಯಿಲೆ ಮನಸ್ಸನ್ನ ಕಲ್ಲು ಮಾಡ್ಬಿಡುತ್ತೆ."

ಲಾಳ ಕಟ್ಟುವವನು ಏನೋ ಹೇಳಲು ಬಾಯಿ ತೆರೆದ. ಪೆಟ್ಟಿಗೆಯ ಅಂಚು ಹೆಗಲಿಗೆ ಒತ್ತುತ್ತಿತ್ತು. ಗೇಟಿನ ಕಡೆ ಹೆಜ್ಜೆ ಹಾಕಿದ.

*

ಲಾಯದಕ್ಕನ ಬೆಳಗು ಐದಕ್ಕೆ ಶುರುವಾಗುತ್ತಿತ್ತು. ಮೊದಲು ಬಕೆಟ್ಟುಗಳ ಸದ್ದು, ಆಮೇಲೆ ಅವಳ ಬೈಗುಳ. ಹಿಂದಿನ ದಿನ ನೆನೆಸಿಟ್ಟ ಕಾಳಿಗೆ ಬೂಸಾ ಕಲಸಿ, ಐವರಿಗೂ ಐದು ಅಳತೆಯಲ್ಲಿ ಹಾಕುತ್ತಿದ್ದಳು. ಅವರು ತಿನ್ನುತ್ತಿರುವಾಗಲೇ ಒಬ್ಬೊಬ್ಬರ ಕಾಲನ್ನೂ ಮೇಲಿಂದ ಕೆಳಗೆ ಅಂಗೈಯಿಂದ ಸವರುತ್ತಿದ್ದಳು. ಬಿಸಿ ಇದೆಯೇ, ಬಾವು ಇದೆಯೇ? ಆಮೇಲೆ ಗೊರಸು ಎತ್ತಿ, ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲು ಮಣ್ಣು ಕೆದಕಿ ತೆಗೆಯುವುದು. ಇಪ್ಪತ್ತು ಗೊರಸು, ದಿನಕ್ಕೆರಡು ಸಲ. ಜ್ವರ ಬಂದರೂ ಇದು ತಪ್ಪುತ್ತಿರಲಿಲ್ಲ.

ಹೆಸರಿಡುವುದರಲ್ಲಿ ಅವಳಿಗೆ ಸಂಕೋಚವಿರಲಿಲ್ಲ. ಹೊಟ್ಟೆ ಇಳಿಬಿಟ್ಟುಕೊಂಡು ಯಾವ ಕೆಲಸಕ್ಕೂ ಅವಸರಪಡದ ಬೂದು ಕುದುರೆ ಜಮೀನ್ದಾರ. ಒಂದನ್ನು ಬಿಟ್ಟು ಒಂದು ನೀರೂ ಕುಡಿಯದ ಎರಡು ಹೆಣ್ಣು ಕುದುರೆಗಳು ಅಕ್ಕ, ತಂಗಿ. ಇಪ್ಪತ್ತೇಳು ವರ್ಷ ದಾಟಿ, ಕಣ್ಣಿಗೆ ಪೊರೆ ಬಂದಿದ್ದ ಬಿಳಿಯವಳು ಅಜ್ಜಿ. ಕಂದು ಬಣ್ಣದವನು ಗಾಬರಿ.

ಗಾಬರಿಯನ್ನು ತಂದಾಗ ಅವನ ಒಂದು ಕಿವಿಯ ತುದಿ ಹರಿದಿತ್ತು. ಹಳೆಯ ಒಡೆಯ ಕಿವಿ ತಿರುಚಿ ತಿರುಚಿ ಕಡಿವಾಣ ಹಾಕುತ್ತಿದ್ದನಂತೆ. ಕೈ ಎತ್ತಿದರೆ ಸಾಕು, ಬೇಲಿ ಮುರಿದುಕೊಂಡು ಓಡುತ್ತಿದ್ದ. ಲಾಯದಕ್ಕ ಮೂರು ತಿಂಗಳು ಅವನನ್ನು ಮುಟ್ಟಲೇ ಇಲ್ಲ. ದಿನಾ ಮಧ್ಯಾಹ್ನ ಅಂಗಳದ ನಡುವೆ ಬಕೆಟ್ ಬೋರಲು ಹಾಕಿ ಕೂತು, ಅವನ ಕಡೆ ನೋಡದೆ, ತನ್ನ ಊಟ ಮಾಡುತ್ತಿದ್ದಳು. ನಾಲ್ಕನೆಯ ತಿಂಗಳು ಅವನಾಗಿಯೇ ಬಂದು ಅವಳ ಬೆನ್ನು ಮೂಸಿದ. ಆಗಲೂ ಅವಳು ತಿರುಗಲಿಲ್ಲ. ಅವನ ಕಿವಿ ಮುಟ್ಟಲು ಅವಳಿಗೆ ಒಟ್ಟು ಎರಡು ವರ್ಷ ಹಿಡಿಯಿತು. ಮುಟ್ಟಿದ ದಿನ ಲಾಳ ಕಟ್ಟುವವನಿಗೆ ಫೋನು ಮಾಡಿ "ಮುಟ್ಟಿದೆ ಕಣೋ" ಎಂದಷ್ಟೇ ಹೇಳಿ ಇಟ್ಟಳು. ಮುಂದಿನ ವರ್ಷ ಐದು ವರ್ಷದ ಹುಡುಗಿಯೊಬ್ಬಳು ಅದೇ ಗಾಬರಿಯ ಬೆನ್ನ ಮೇಲೆ ಕೂತು, ಎರಡೂ ಕಿವಿ ಹಿಡಿದುಕೊಂಡು, ಅಂಗಳ ಸುತ್ತಿದಳು.

ಸವಾರಿ ಕಲಿಯಲು ವಾರಕ್ಕೆರಡು ದಿನ ಮಕ್ಕಳು ಬರುತ್ತಿದ್ದ ಕಾಲ ಅದು. ಊರಾಚೆ ದೊಡ್ಡದೊಂದು ಸವಾರಿ ಮೈದಾನವಾದ ಮೇಲೆ ಮಕ್ಕಳು ಅತ್ತ ಹೋದರು. ಲಾಯದಕ್ಕ ದೂರಲಿಲ್ಲ. ಮಕ್ಕಳಿಲ್ಲದಿದ್ದರೂ ಕುದುರೆಗಳಿಗೆ ಉದ್ದ ಹಗ್ಗ ಕಟ್ಟಿ ದಿನಾ ಸುತ್ತು ಹಾಕಿಸುವುದನ್ನು ನಿಲ್ಲಿಸಲೂ ಇಲ್ಲ.

*

ಮಣ್ಣು ಹಾಕುವ ಕೆಲಸ ಬೇಗನೆ ಮುಗಿಯಿತು. ಬಂದಿದ್ದವರು ಹದಿನಾಲ್ಕು ಜನ. ಗುಂಡಿಯ ಪಕ್ಕದಲ್ಲಿ ಕುದುರೆ ಡಾಕ್ಟರು ತಮ್ಮ ಕಂದು ಚೀಲವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

ವಾಪಸು ಬರುವಾಗ ಲಾಯದಕ್ಕನ ತಮ್ಮ, ಲಾಳ ಕಟ್ಟುವವನ ಪಕ್ಕಕ್ಕೆ ಬಂದ. ಬಸ್ ಡಿಪೋದಲ್ಲಿ ಹಾಜರಿ ಬರೆಯುವ ಕೆಲಸದವನು; ಮೆತ್ತಗಿನ ಮನುಷ್ಯ.

"ಕುದುರೆ ಒಯ್ಯೋ ಲಾರಿ ಎರಡು ಗಂಟೆಗೆ ಬರುತ್ತೆ," ಎಂದ, ತಪ್ಪು ಮಾಡಿದವನ ಹಾಗೆ.

"ಇವತ್ತೇ ಆಗ್ಬೇಕಿತ್ತಾ?"

"ತಾರೀಖು ಗೊತ್ತುಮಾಡಿದ್ದು ಅಕ್ಕನೇ. ಅವತ್ತಿಗೆ ತಾನಿರಲ್ಲ ಅಂತ ಅವಳಿಗೆ ಗೊತ್ತಿತ್ತೋ ಏನೋ. ಆ ದಲ್ಲಾಳಿ ಲಾರಿ ಈ ಕಡೆ ಬರೋದೇ ತಿಂಗಳಿಗೊಂದ್ಸಲ. ಲಾಯದ ಜಾಗ ನಗರಸಭೇದು, ಅವಳ ಹೆಸರಿನ ಗುತ್ತಿಗೆ ಅವಳ ಜೊತೆಗೇ ಮುಗೀತು. ನಾನೇನು ಮಾಡ್ಲಿ? ಎರಡನೇ ಮಹಡೀಲಿ ಮನೆ ನಂದು."

"ನಿಮ್ಮನ್ನ ಯಾರು ಬೈದ್ರು?"

"ಬೈದ್ರೆ ಚೆನ್ನಾಗಿರ್ತಿತ್ತು," ಎಂದ ತಮ್ಮ. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಕೇಳಿದ. "ಅವಳ್ಯಾಕೆ ಹಾಗಾದ್ಲು? ಜೀವ ಇಟ್ಕೊಂಡಿದ್ದೋಳು ಅವುಗಳ ಮೇಲೆ. ಕೊನೆಗೆ ಹೆಸರು ಎತ್ತಿದ್ರೂ ಮಾತು ಬದಲಾಯಿಸ್ತಿದ್ಲು."

ಲಾಳ ಕಟ್ಟುವವನು ನಿಂತು, ಗೊತ್ತಿದ್ದದ್ದನ್ನೆಲ್ಲ ಹೇಳಿದ.

*

ಕಳೆದ ವರ್ಷ ಆಸ್ಪತ್ರೆಯಿಂದ ಬಂದ ಸಂಜೆ ಲಾಯದಕ್ಕ ನೇರವಾಗಿ ಲಾಳ ಕಟ್ಟುವವನ ಕೊಟ್ಟಿಗೆಗೆ ಬಂದಿದ್ದಳು. ಅವನು ಕುಲುಮೆಯ ಮುಂದೆ ಲಾಳ ಬಡಿಯುತ್ತಿದ್ದ.

"ಒಂದು ವರ್ಷವಂತೆ," ಎಂದಳು. "ಡಾಕ್ಟ್ರು ಜಾಸ್ತಿನೇ ಹೇಳಿರ್ಬೇಕು. ನಿನ್ನ ಹಳೇ ಅಂಗಿ ಎರಡು ಕೊಡು. ಒಗೀಬೇಡ, ಹಾಗೇ ಕೊಡು."

"ಯಾಕಕ್ಕ?"

"ನನ್ನ ವಾಸನೆ ಅವಕ್ಕೆ ತಪ್ಪಿಸ್ಬೇಕು."

ಐದನ್ನೂ ಒಟ್ಟಿಗೆ ಇಟ್ಟುಕೊಳ್ಳುವವರಿಗಾಗಿ ಅವಳು ಆರು ತಿಂಗಳು ಹುಡುಕಿದಳು. ಪತ್ರ ಬರೆದಳು, ಫೋನು ಮಾಡಿದಳು, ಮೂರು ಬಸ್ಸು ಬದಲಿಸಿ ಹೋಗಿ ಮೂರು ಲಾಯ ನೋಡಿ ಬಂದಳು. ವಯಸ್ಸಾದ ಕುದುರೆ ಯಾರಿಗೂ ಬೇಡವಾಗಿತ್ತು. ಉಳಿದವನು ದಲ್ಲಾಳಿ ಒಬ್ಬನೇ; ಅವನೂ ಅಜ್ಜಿಯನ್ನು ಬಿಟ್ಟು ನಾಲ್ಕನ್ನಷ್ಟೇ ಒಪ್ಪಿದ.

ಹುಡುಕುತ್ತಿದ್ದಾಗಲೇ ಆ ಇನ್ನೊಂದು ಕೆಲಸವೂ ನಡೆದಿತ್ತು. ಮೊದಲು ಲಾಳ ಕಟ್ಟುವವನ ಅಂಗಿ ತೊಟ್ಟಳು, ಆಮೇಲೆ ಹಾಲಿನವನದು, ಆಮೇಲೆ ಅಗಸನ ಹತ್ತಿರ ಕೇಳಿ ತಂದ ಯಾರ್ಯಾರದೋ ಒಗೆಯದ ಅಂಗಿ. ದಿನಕ್ಕೊಂದು ವಾಸನೆ. ಮಾತಾಡಿಸುವುದನ್ನು ಕಡಿಮೆ ಮಾಡಿದಳು. ಬೆಳಗಿನ ಬೈಗುಳವೂ ನಿಂತಿತು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು "ಸ್ವಲ್ಪ ಇವನ ಕಿವಿ ಮುಟ್ಟಿ ಹೋಗಿ ಸ್ವಾಮಿ" ಎನ್ನುತ್ತಿದ್ದಳು. ಅಂಚೆಯವನು, ತರಕಾರಿ ಗಾಡಿಯವನು, ವಿದ್ಯುತ್ ಮೀಟರು ನೋಡಲು ಬಂದವನು, ಎಲ್ಲರೂ ಗಾಬರಿಯ ಕಿವಿ ಮುಟ್ಟಿದರು. ಹಳೇ ಹಲಗೆ ತಂದು ಇಳಿಜಾರು ಕಟ್ಟಿ, ಅದರ ಮೇಲೆ ಹತ್ತಿ ಇಳಿಯುವುದನ್ನು ಕಲಿಸಿದಳು. ಹಗ್ಗ ಮಾತ್ರ ಯಾವತ್ತೂ ಬೇರೆಯವರ ಕೈಯಲ್ಲಿ.

"ಒಬ್ಬಳ ಮಾತು ಮಾತ್ರ ಕೇಳೋ ಕುದುರೆ ಬೇರೆ ಕಡೆ ಹೋದ್ರೆ ಹೊಡೆತ ತಿನ್ನುತ್ತೆ," ಎಂದಿದ್ದಳು. "ಅದು ನನ್ನ ತಪ್ಪಾಗುತ್ತೆ. ಯಾರ ಕೈಯಾದ್ರೂ ಸರಿ ಅಂತ ಕಲಿಸ್ಬಿಟ್ರೆ ಮುಗೀತು."

ಕೊನೆಯ ಪಾಠ ಅವಳಿಗೇ. ಒಂದು ಬೆಳಿಗ್ಗೆ ಬಕೆಟ್ಟನ್ನು ಲಾಳ ಕಟ್ಟುವವನ ಕೈಗೆ ಕೊಟ್ಟು ಒಳಗೆ ಹೋದಳು. ಮೂರು ದಿನ ಮನೆಯ ಕಡೆ ಮುಖ ಮಾಡಿ ಅಜ್ಜಿ ಕೆನೆದಳು. ಅಷ್ಟೂ ದಿನ ಲಾಯದಕ್ಕ ದಿಂಬಿನಿಂದ ಕಿವಿ ಮುಚ್ಚಿಕೊಂಡು ಮಲಗಿದ್ದಳು. ನಾಲ್ಕನೆಯ ದಿನ ಅಜ್ಜಿ ಸುಮ್ಮನಾದಳು. ಅವನು ಹೋಗಿ ಅದನ್ನು ಹೇಳಿದಾಗ "ಒಳ್ಳೇದಾಯ್ತು" ಎಂದಳು. ಆಮೇಲೆ ಮಂಚ ತಿರುಗಿಸಿ ಹಾಕಲು ಹೇಳಿದಳು.

*

ಲಾರಿ ಹೇಳಿದ ಹೊತ್ತಿಗೇ ಬಂತು. ದಲ್ಲಾಳಿ ಹಸನ್ಮುಖಿ, ಕೆಳಗಿಳಿದವನೇ ತಮ್ಮನ ಕೈ ಹಿಡಿದು "ಪಾಪ, ದೊಡ್ಡ ಜೀವ" ಎಂದ. ಹಿಂಬದಿಯ ಹಲಗೆ ಇಳಿಸಿದ. ಒದೆತಕ್ಕೆ, ಕಾದಾಟಕ್ಕೆ ತಯಾರಾಗಿ ಇಬ್ಬರು ಆಳುಗಳನ್ನೂ ದಪ್ಪ ಹಗ್ಗವನ್ನೂ ತಂದಿದ್ದ.

ಯಾವುದೂ ಬೇಕಾಗಲಿಲ್ಲ. ಜಮೀನ್ದಾರ ಹೊಟ್ಟೆ ತೂಗಿಸುತ್ತ ಹಲಗೆ ಹತ್ತಿದ. ಅಕ್ಕ ಹತ್ತಿದಳು, ಹಿಂದೆಯೇ ತಂಗಿ. ಗಾಬರಿಯ ಹತ್ತಿರ ಬಂದ ಆಳು ಗೊತ್ತಿಲ್ಲದೆ ಸೀದಾ ಕಿವಿಗೇ ಕೈ ಹಾಕಿದ. ಲಾಳ ಕಟ್ಟುವವನು ಅತ್ತ ಓಡಲು ಹೆಜ್ಜೆ ತೆಗೆದ. ಗಾಬರಿ ತಲೆ ತಗ್ಗಿಸಿ, ಕಿವಿಯನ್ನು ಅವನ ಕೈಗೆ ಒತ್ತಿ, ಅವನ ಜೊತೆ ನಡೆದ.

"ಇಷ್ಟು ಸಾಧು ಮಾಲು ನಾನು ಕಂಡೇ ಇಲ್ಲ," ಎಂದ ದಲ್ಲಾಳಿ. "ಈ ಎರಡು ಹೆಣ್ಣಲ್ಲಿ ಒಂದು ಇಟ್ಟಿಗೆ ಗೂಡಿಗೆ, ಒಂದು ಗಾಡಿಗೆ. ಕಂದು ಬಣ್ಣದ್ದು ಕಲ್ಲುಗಣಿಗೆ. ಹೊಟ್ಟೆಯವನಿಗೆ ಎಲ್ಲಾದ್ರೂ ನೋಡ್ಬೇಕು."

"ಒಟ್ಟಿಗೆ ಇಡ್ತೀನಿ ಅಂತ ಅಕ್ಕಂಗೆ ಮಾತು ಕೊಟ್ಟಿದ್ದೆಯಲ್ಲಪ್ಪ?" ಎಂದು ಕೇಳಿದ ಲಾಳ ಕಟ್ಟುವವನು.

ದಲ್ಲಾಳಿಯ ನಗು ಸ್ವಲ್ಪ ಇಳಿಯಿತು. "ಕೊಟ್ಟಿದ್ದೆ," ಎಂದ. "ಸಾಯೋರ ಮುಂದೆ ಇಲ್ಲ ಅನ್ನೋಕಾಗುತ್ತಾ ಯಜಮಾನ್ರೇ? ನಾಲ್ಕನ್ನೂ ಒಟ್ಟಿಗೆ ತಗೊಳ್ಳೋರು ಎಲ್ಲಿದಾರೆ, ನೀವೇ ತೋರಿಸಿ."

ತೋರಿಸಲು ಯಾರೂ ಇರಲಿಲ್ಲ. ತಮ್ಮನ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಗಂಡ ದಾರಿಯಲ್ಲಿ ಕೇಳಿದ್ದನ್ನೆಲ್ಲ ಅವಳಿಗೆ ಹೇಳಿದ್ದ. ಲಾರಿ ತಿರುವು ದಾಟುವವರೆಗೂ ಅವಳು ಅತ್ತಲೇ ನೋಡುತ್ತಿದ್ದಳು. ಒಳಗಿನಿಂದ ಒಂದು ಕೆನೆತವೂ ಕೇಳಲಿಲ್ಲ, ನಾಲ್ಕೂ ಒಟ್ಟಿಗಿದ್ದವಲ್ಲ.

ಅಂಗಳದಲ್ಲಿ ಅಜ್ಜಿ ಒಬ್ಬಳೇ ಉಳಿದಳು. ಪೊರೆ ಬಂದ ಕಣ್ಣಿಗೆ ಏನೂ ಕಾಣದಿದ್ದರೂ ಬೇಲಿಯುದ್ದಕ್ಕೂ ಆ ಕಡೆ ಈ ಕಡೆ ಓಡಾಡುತ್ತ ಮೂಸತೊಡಗಿದಳು.

"ಹೀಗಾಗುತ್ತೆ ಅಂತಲೇ ಲಾಯದಕ್ಕ ನನ್ನ ಹತ್ರ ಭಾಷೆ ತಗೊಂಡಿದ್ದು," ಎಂದರು ಡಾಕ್ಟರು, ಚೀಲ ಬಿಚ್ಚುತ್ತ. "ನಾಲ್ಕು ಹೋದ ಮೇಲೆ ಇವಳು ಒಂಟಿಯಾಗಿ ಒಂದು ಗಂಟೆನೂ ಇರ್ಬಾರ್ದು ಅಂತ. ಯಾರಾದ್ರೂ ಬನ್ನಿ, ತಲೆ ಹಿಡ್ಕೊಳ್ಳಿ."

ಲಾಳ ಕಟ್ಟುವವನು ಎರಡು ಹೆಜ್ಜೆ ಹೋಗಿ ಬೇಲಿ ಹಿಡಿದುಕೊಂಡ. "ನನ್ನ ಕೈಲಾಗಲ್ಲ ಡಾಕ್ಟ್ರೇ. ಇವಳ ಕಾಲಿಗೆ ಮೊದಲನೇ ಲಾಳ ಕಟ್ಟಿದ್ದು ನಾನು."

ಆಗ ಬೇಲಿಯ ಬಾಗಿಲು ತೆಗೆದವನು ತಮ್ಮ. ಏಳು ವರ್ಷದವನಿದ್ದಾಗ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡಂದಿನಿಂದ ಅವನು ಯಾವ ಲಾಯದ ಬೇಲಿಯೊಳಗೂ ಕಾಲಿಟ್ಟಿರಲಿಲ್ಲ. ಹೆಂಡತಿ "ರೀ" ಎಂದಳು. ಅವನು ತಿರುಗಲಿಲ್ಲ. ಅಡುಗೆಮನೆಯಿಂದ ತಂದ ಎರಡು ಕ್ಯಾರೆಟ್ ತುಂಡು ಅವನ ಕೈಯಲ್ಲಿದ್ದವು.

"ಅಂಗೈ ಚಪ್ಪಟೆ ಹಿಡೀರಿ," ಎಂದ ಲಾಳ ಕಟ್ಟುವವನು ಬೇಲಿಯಾಚೆಯಿಂದ. "ಭಯ ಆದ್ರೂ ಬೆರಳು ಮಡಚಬೇಡಿ."

ಅಜ್ಜಿ ಗಾಳಿ ಮೂಸುತ್ತ ಬಂದಳು. ಮೆತ್ತಗಿನ ತುಟಿಯಿಂದ ಒಂದು ತುಂಡನ್ನು ಎತ್ತಿಕೊಂಡಳು. ಅಗಿಯುತ್ತ, ತನ್ನ ಭಾರದ ಹಣೆಯನ್ನು ಅವನ ಎದೆಗೆ ಆನಿಸಿದಳು. ಅವನು ಅಲುಗಾಡದೆ ನಿಂತ. ಡಾಕ್ಟರು ಅವಳ ಕುತ್ತಿಗೆ ಸವರಿ ಮೊದಲನೆಯ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಎರಡನೆಯದು.

"ಈಗ ಹಿಂದೆ ಸರೀರಿ," ಎಂದರು.

ಅವನು ಸರಿದ. ಅಜ್ಜಿಯ ಮುಂಗಾಲು ಮಡಚಿಕೊಂಡವು, ಆಮೇಲೆ ಹಿಂಗಾಲು. ಧೂಳು ಎದ್ದು ಇಳಿಯಿತು. ಡಾಕ್ಟರು ಮಂಡಿಯೂರಿ, ಎದೆಗೆ ಸ್ಟೆತಾಸ್ಕೋಪು ಇಟ್ಟು, ಬಹಳ ಹೊತ್ತು ಕೇಳಿಸಿಕೊಂಡು, ಕಿವಿಯಿಂದ ತೆಗೆದರು. ಚೀಲ ಮುಚ್ಚಿದರು.

ತಮ್ಮ ಸರಿದ ಜಾಗದಲ್ಲೇ ನಿಂತಿದ್ದ. ಅವನ ಕೈ ಇನ್ನೂ ಮುಂದಕ್ಕೆ ಚಾಚಿಯೇ ಇತ್ತು. ಅಂಗೈ ಚಪ್ಪಟೆ, ಬೆರಳು ನೆಟ್ಟಗೆ, ಅದರ ಮೇಲೆ ಎರಡನೆಯ ತುಂಡು.